ನಿಮಗಿದು ಗೊತ್ತೆ? ತೆರೆಯ ಮೇಲೆ ತನ್ನದೇ ಕಥೆ ಕುಣಿದ ಕಲಾವಿದ

1985ರ ಅಮೆರಿಕನ್ ಚಿತ್ರ ‘ವೈಟ್ ನೈಟ್ಸ್’ ನೃತ್ಯವನ್ನೇ ಉಸಿರಾಗಿಸಿಕೊಂಡ ಕಥೆ. ನಿರ್ದೇಶಕ ಟೇಲರ್ ಹ್ಯಾಕ್‌ಫರ್ಡ್. ಸೋವಿಯತ್ ಒಕ್ಕೂಟ ತೊರೆದಿದ್ದ ಬ್ಯಾಲೆ ಕಲಾವಿದ ನಿಕೊಲಾಯ್ ಪ್ರಯಾಣಿಸುತ್ತಿದ್ದ ವಿಮಾನ ಸೈಬೀರಿಯಾದಲ್ಲಿ ತುರ್ತಾಗಿ ಇಳಿಯುತ್ತದೆ. ಆತ ಕೆಜಿಬಿಯ ಕೈಗೆ ಸಿಕ್ಕಿಬೀಳುತ್ತಾನೆ. ಅವನನ್ನು ಕಾಯಲು ನೇಮಕವಾಗುವವನು ರೇಮಂಡ್. ವಿಯೆಟ್ನಾಂ ಯುದ್ಧಕ್ಕೆ ರೋಸಿ ಅಮೆರಿಕ ಬಿಟ್ಟು ಸೋವಿಯತ್ ನೆಲಕ್ಕೆ ಬಂದ ಟ್ಯಾಪ್ ನರ್ತಕ ಅವನು. ಈ ಪಾತ್ರ ಗ್ರೆಗರಿ ಹೈನ್ಸ್ ಅವರದು.

ನಿಕೊಲಾಯ್ ಆಗಿ ನಟಿಸಿದ ಮಿಖಾಯಿಲ್ ಬರಿಶ್ನಿಕೊವ್ ಇದೇ ಬದುಕನ್ನು ಬದುಕಿದವರು. ಲೆನಿನ್‌ಗ್ರಾಡ್‌ನ ಕಿರೊವ್ ಬ್ಯಾಲೆಯ ತಾರೆಯಾಗಿದ್ದ ಅವರು 1974ರ ಕೆನಡಾ ಪ್ರವಾಸದಲ್ಲಿ, ಟೊರಾಂಟೊದಲ್ಲಿ ಪ್ರದರ್ಶನ ಮುಗಿದ ಮೇಲೆ ತಪ್ಪಿಸಿಕೊಂಡು ಆಶ್ರಯ ಕೋರಿದರು. ಹೊಸ ಬಗೆಯ ನೃತ್ಯಗಳಲ್ಲಿ ತೊಡಗುವ ಹಂಬಲ ಅದಕ್ಕೆ ಬಲವಾದ ಕಾರಣವಾಗಿತ್ತು. ರುಡಾಲ್ಫ್ ನುರಿಯೆವ್ 1961ರಲ್ಲಿ, ನತಾಲಿಯಾ ಮಕರೋವಾ 1970ರಲ್ಲಿ ಇದೇ ತಂಡದಿಂದ ಹೊರನಡೆದಿದ್ದರು.

ಚಿತ್ರದ ನಿಜವಾದ ಶಿಖರವೆಂದರೆ ಖಾಲಿ ರಂಗಮಂದಿರದಲ್ಲಿ ನಿಕೊಲಾಯ್ ಒಬ್ಬನೇ ಕುಣಿಯುವ ದೃಶ್ಯ. ಅದಕ್ಕೆ ಬಳಸಿರುವುದು ಸೋವಿಯತ್ ಅಧಿಕಾರಿಗಳು ಸುಲಭವಾಗಿ ಸಹಿಸದಿದ್ದ ಗಾಯಕ ವ್ಲಾದಿಮಿರ್ ವಿಸೋತ್ಸ್ಕಿ ಅವರ ಹಾಡು. ಸಂಭಾಷಣೆ ಹೇಳಲಾರದ ಸಂಕಟವನ್ನು ಆ ದೇಹ ಹೇಳುತ್ತದೆ. ನೃತ್ಯ ಸಂಯೋಜನೆಯಲ್ಲಿ ಟ್ವೈಲಾ ಥಾರ್ಪ್ ಅವರ ಪಾಲು ದೊಡ್ಡದು. ಚಿತ್ರಕ್ಕಾಗಿ ಲಯನೆಲ್ ರಿಚಿ ರಚಿಸಿ ಹಾಡಿದ ‘ಸೇ ಯೂ, ಸೇ ಮಿ’ ಗೀತೆಗೆ ಆಸ್ಕರ್ ಪ್ರಶಸ್ತಿ ಬಂತು.