2016ರಲ್ಲಿ ಫೈನಲ್, 2017ರಲ್ಲಿ ಪಾತಾಳ

ಶಾಮನೂರಿನ ಆರ್‌ಸಿಬಿ ಅಭಿಮಾನಿಗಳೇ, 2017ರ ಐಪಿಎಲ್ ನೆನಪಿಸಿದ್ರೆ ಬೈಬೇಡಿ. 14 ಪಂದ್ಯದಲ್ಲಿ ಗೆದ್ದಿದ್ದು ಬರೀ 3. ಸೋತಿದ್ದು 10, ಒಂದು ಮಳೆಪಾಲು. ಎಂಟು ತಂಡಗಳಲ್ಲಿ ಎಂಟನೇ ಸ್ಥಾನ!

2016ರಲ್ಲಿ ಕೊಹ್ಲಿ 973 ರನ್ ಹೊಡೆದು ತಂಡವನ್ನ ಫೈನಲ್‌ವರೆಗೂ ಎಳ್ಕೊಂಡು ಹೋಗಿದ್ರು. 2017ರಲ್ಲಿ ಭುಜದ ಗಾಯ, ಆರಂಭದ ಪಂದ್ಯಗಳಿಗೆ ಅವರೇ ಇಲ್ಲ. ಕೆ.ಎಲ್. ರಾಹುಲ್ ಅಂತೂ ಇಡೀ ಸೀಸನ್ ಹೊರಗೆ.

ಆಮೇಲೆ ಏಪ್ರಿಲ್ 23, ಈಡನ್ ಗಾರ್ಡನ್ಸ್. ಗುರಿ ಬರೀ 132. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ರು. 9.4 ಓವರ್‌ಗೆ 49 ಆಲೌಟ್! ಒಬ್ಬರೂ ಎರಡಂಕಿ ಮುಟ್ಟಲಿಲ್ಲ, ಕೇದಾರ್ ಜಾಧವ್ ಹೊಡೆದ 9 ರನ್ನೇ ಹೆಚ್ಚು. 2013ರಲ್ಲಿ ಇದೇ ತಾರೀಕು ಇದೇ ತಂಡ 263 ಬಾರಿಸಿತ್ತು, ಹೇಳಿದ್ರೆ ನಂಬ್ತೀರಾ?

ಅಂದಹಾಗೆ, 2017ರಲ್ಲಿ ಕಪ್ ಗೆದ್ದ ಮುಂಬೈ ಬಳಗದಲ್ಲಿ ಯಾರಿದ್ರು ಗೊತ್ತಾ? ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್!