ತನಿಖೆ ಮಾಡಿದವರೇ ತೀರ್ಪು ಕೊಟ್ಟರೆ?

ದೊಡ್ಡಬಳ್ಳಾಪುರದಿಂದಲೋ ನೆಲಮಂಗಲದಿಂದಲೋ ಬೆಂಗಳೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ ಈ ನೋಟ ಹೊಸದಲ್ಲ. ನಡುದಾರಿಯಲ್ಲಿ ಬಸ್ಸು ನಿಲ್ಲುತ್ತದೆ. ತನಿಖಾ ಸಿಬ್ಬಂದಿ ಹತ್ತುತ್ತಾರೆ. ಪ್ರಯಾಣಿಕರ ಟಿಕೆಟ್ ನೋಡುತ್ತಾರೆ, ನಿರ್ವಾಹಕರ ಚೀಲದ ಹಣ ಎಣಿಸುತ್ತಾರೆ. ಎಲ್ಲೋ ಲೆಕ್ಕ ತಪ್ಪಿತೆನ್ನಿ. ಅದನ್ನು ಕಾಗದದ ಮೇಲೆ ಬರೆದು, ನಿರ್ವಾಹಕರ ಸಹಿ ಪಡೆದು ಇಳಿದುಹೋಗುತ್ತಾರೆ. ಪ್ರಯಾಣಿಕರ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ನಿರ್ವಾಹಕರ ಪಾಲಿಗೆ ಅಲ್ಲಿಂದಲೇ ಶುರು.

ಆದರೆ ತಪ್ಪನ್ನು ಹಿಡಿದ ಆ ತನಿಖಾಧಿಕಾರಿ ನಿರ್ವಾಹಕರನ್ನು ಅಲ್ಲೇ ಕೆಲಸದಿಂದ ತೆಗೆಯುವಂತಿಲ್ಲ. ಅವರದು ವರದಿ ಮಾತ್ರ. ಆಮೇಲೆ ದೋಷಾರೋಪಣ ಪಟ್ಟಿ ಬರಬೇಕು. ಬೇರೊಬ್ಬರು ವಿಚಾರಣಾಧಿಕಾರಿಯಾಗಿ ಕೂರಬೇಕು. ಅವರೆದುರು ತನಿಖೆ ಮಾಡಿದವರೇ ಸಾಕ್ಷಿಯಾಗಿ ನಿಂತು ನಿರ್ವಾಹಕರ ಪಾಟಿ ಸವಾಲಿಗೆ ಉತ್ತರ ಹೇಳಬೇಕು. ಶಿಕ್ಷೆ ಕೊಡುವವರು ಶಿಸ್ತು ಪ್ರಾಧಿಕಾರದವರು. ಹುಡುಕುವವರು, ಕೇಳುವವರು, ಶಿಕ್ಷಿಸುವವರು ಹೀಗೆ ಬೇರೆ ಬೇರೆಯಾಗಿದ್ದರೆ ಮಾತ್ರ ನೌಕರನಿಗೆ ನ್ಯಾಯದ ಭರವಸೆ.

ದಾಬಸ್‌ಪೇಟೆ, ಹೊಸಕೋಟೆ, ದೇವನಹಳ್ಳಿಗಳ ಕಾರ್ಖಾನೆ, ಗೋದಾಮುಗಳಿಗೆ ನಮ್ಮ ಊರಿನ ಮಕ್ಕಳು ಪಿಯುಸಿ, ಐಟಿಐ ಮುಗಿಸಿದೊಡನೆ ಸೇರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಸಂಬಳ, ಪಿ.ಎಫ್. ಗೊತ್ತು. ‘ಎನ್‌ಕ್ವೈರಿ’ ಎಂದರೇನೆಂದು ಗೊತ್ತಾಗುವುದು ಅದರ ನೋಟೀಸು ಕೈಗೆ ಬಂದಾಗಲೇ.

ಪಾತ್ರಗಳು ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಒಬ್ಬ ಹೆಡ್ ಕಾನ್‌ಸ್ಟೆಬಲ್‌ನ ಪ್ರಕರಣ ಕಾನೂನು ಓದುವವರಿಗೆಲ್ಲ ಪರಿಚಿತ. ಆತನ ವಿಚಾರಣೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿಗೆ, ಒಬ್ಬ ಸಾಕ್ಷಿ ತಿರುಗಿಬಿದ್ದಿದ್ದು ಹಿಡಿಸಲಿಲ್ಲ. ತಾವೇ ಎದ್ದುಹೋಗಿ ಇನ್ನೊಬ್ಬ ಅಧಿಕಾರಿಯ ಮುಂದೆ ಸಾಕ್ಷ್ಯ ನುಡಿದರು; ಮತ್ತೆ ಬಂದು ನ್ಯಾಯಾಧೀಶರ ಕುರ್ಚಿಯಲ್ಲಿ ಕುಳಿತು, ತಮ್ಮ ಸಾಕ್ಷ್ಯವನ್ನು ತಾವೇ ನಂಬಿ, 1948ರಲ್ಲಿ ಆತನನ್ನು ವಜಾ ಮಾಡಿದರು! 1957ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸಹಜ ನ್ಯಾಯದ ಘೋರ ಉಲ್ಲಂಘನೆ ಎಂದೇ ಕಂಡಿತು. ಆದರೂ ಆ ಬಡಪಾಯಿಗೆ ಪರಿಹಾರ ದಕ್ಕಲಿಲ್ಲ. ವಜಾ ಆದೇಶ ಸಂವಿಧಾನ ಜಾರಿಯಾಗುವುದಕ್ಕಿಂತ ಮುಂಚಿನದಾಗಿತ್ತು.

ನಮ್ಮ ಬೆಂಗಳೂರಿನದೇ ಇನ್ನೊಂದು ಉದಾಹರಣೆ. ಜಲಮಂಡಳಿಯ ಕೆಲವು ನೌಕರರಿಗೆ ದುರ್ನಡತೆಯ ಆರೋಪದ ಮೇಲೆ ದಂಡ ಹಾಕಿ ವಸೂಲು ಮಾಡಲಾಯಿತು. ಸಹಜ ನ್ಯಾಯವನ್ನು ಪಾಲಿಸಲಿಲ್ಲವೆಂದು ಅವರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಜಲಮಂಡಳಿ ‘ಉದ್ಯಮ’ವೇ ಅಲ್ಲ ಎಂಬ ತಕರಾರು ಎದ್ದು, ವಿಷಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಏರಿತು. 1978ರ ಆ ತೀರ್ಪು ದೇಶಕ್ಕೇ ಹೆಸರಾಯಿತು. ಅದರ ಬುಡದಲ್ಲಿದ್ದದ್ದು ಮಾತ್ರ ಒಂದು ದಂಡ.

ಹಾಗಿದ್ದರೆ ವಿಚಾರಣೆಯನ್ನು ಹೊರಗಿನ ಪರಿಣತರಿಗೇ ಒಪ್ಪಿಸಬಾರದೇಕೆ? ಒಪ್ಪಿಸುವ ರೂಢಿ ಇದೆ. ಅನೇಕ ಕಾರ್ಖಾನೆಗಳು ವಕೀಲರನ್ನು ವಿಚಾರಣಾಧಿಕಾರಿಯಾಗಿ ನೇಮಿಸುತ್ತವೆ. ‘ಅವರಿಗೆ ಫೀಜು ಕೊಡುವುದು ಮಾಲೀಕರೇ ಅಲ್ಲವೆ?’ ಎಂಬ ಅನುಮಾನ ಸಹಜ. ಫೀಜು ಪಡೆದ ಮಾತ್ರಕ್ಕೆ ಪಕ್ಷಪಾತ ಎನ್ನಲಾಗದು ಎಂಬುದು 1964ರಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಇದು ಸರಿಯಾದ ನಿಲುವೇ. ಒಳಗಿನ ಮ್ಯಾನೇಜರು ಕೂತರೂ ಸಂಬಳ ಕೊಡುವುದು ಅದೇ ಮಾಲೀಕರು ತಾನೆ! ನೋಡಬೇಕಾದ್ದು ವಿಚಾರಣೆ ನಡೆದ ಬಗೆಯನ್ನು.

ಸರ್ಕಾರಿ ನೌಕರರ ವಿಷಯದಲ್ಲಿ ಕರ್ನಾಟಕ ಇನ್ನೂ ಒಳ್ಳೆಯ ದಾರಿ ಹಿಡಿದಿದೆ. ಲೋಕಾಯುಕ್ತ, ಉಪಲೋಕಾಯುಕ್ತರ ತನಿಖೆಯಲ್ಲಿ ಆರೋಪಕ್ಕೆ ಆಧಾರ ಕಂಡುಬಂದರೆ, ನಾಗರಿಕ ಸೇವಾ ನಿಯಮಗಳ 14-ಎ ನಿಯಮದಂತೆ ಸರ್ಕಾರ ಇಲಾಖಾ ವಿಚಾರಣೆಯನ್ನೂ ಅವರಿಗೇ ವಹಿಸಬಹುದು. ಅಲ್ಲಿ ವಿಚಾರಣೆ ನಡೆಸುವ ಅಪರ ನಿಬಂಧಕರು ನ್ಯಾಯಾಂಗದಿಂದ ಬಂದ ಅಧಿಕಾರಿಗಳು. ಆಪಾದಿತರ ಮೇಲಧಿಕಾರಿಗಳಲ್ಲ, ಗೆಳೆಯರಲ್ಲ, ಹಳೆಯ ಜಗಳಗಂಟರೂ ಅಲ್ಲ. ಆದರೂ ಕೊನೆಯ ಶಿಕ್ಷೆ ಅವರ ಕೈಯಲ್ಲಿಲ್ಲ. ವರದಿ, ಶಿಫಾರಸು ಸರ್ಕಾರಕ್ಕೆ ಹೋಗುತ್ತದೆ, ಆದೇಶ ಹೊರಡಿಸುವುದು ಸರ್ಕಾರ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರಿಗೂ 2013ರ ಕಾಯ್ದೆ ಇಂಥದೇ ಎಚ್ಚರ ವಹಿಸಿದೆ. ಸಂಸ್ಥೆಯ ಆಂತರಿಕ ಸಮಿತಿಯಲ್ಲಿ ಹೊರಗಿನ ಒಬ್ಬ ಸದಸ್ಯರು ಇರಲೇಬೇಕು.

ಖಾಸಗಿ ಪತ್ತೇದಾರರ ಮಾತು ಬೇರೆ. ಕಳವು, ಸುಳ್ಳು ಬಿಲ್ಲು ಮೊದಲಾದವನ್ನು ಪತ್ತೆ ಹಚ್ಚಲು ಕೆಲವು ಕಂಪೆನಿಗಳು ಇವರನ್ನು ಕರೆಸುತ್ತವೆ. ಇವರನ್ನು ಲೈಸೆನ್ಸಿಗೆ ಒಳಪಡಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ಪೊಲೀಸರಂತೆ ಬಂಧಿಸುವ, ಶೋಧಿಸುವ ಅಧಿಕಾರ ಇವರಿಗಿಲ್ಲ. ಕಾಗದಪತ್ರ ಹೊಂದಿಸಿ ನೋಡಬಹುದು, ಒಪ್ಪಿದವರ ಹೇಳಿಕೆ ಪಡೆಯಬಹುದು, ವರದಿ ಕೊಡಬಹುದು. ಆ ವರದಿಯೇ ತೀರ್ಪಲ್ಲ. ಅದೂ ವಿಚಾರಣೆಯಲ್ಲಿ ಪಾಟಿ ಸವಾಲಿಗೆ ಒಳಗಾಗಬೇಕು.

‘ಸುಳ್ಳುಪತ್ತೆ ಯಂತ್ರ ಇಟ್ಟರಾಯಿತಲ್ಲ’ ಎನ್ನುವವರಿದ್ದಾರೆ. ಆ ಯಂತ್ರ ಅಳೆಯುವುದು ಸುಳ್ಳನ್ನಲ್ಲ. ನಾಡಿ ಬಡಿತ, ರಕ್ತದೊತ್ತಡ, ಉಸಿರಾಟ, ಚರ್ಮದ ವಿದ್ಯುತ್ ವಾಹಕತೆ ಇವನ್ನು. ಕದ್ದವನ ಎದೆ ಬಡಿದುಕೊಳ್ಳುವಂತೆಯೇ, ಕೆಲಸ ಹೋದೀತೆಂದು ಹೆದರಿದ ನಿರಪರಾಧಿಯ ಎದೆಯೂ ಬಡಿದುಕೊಳ್ಳುತ್ತದೆ. ಥರ್ಮಾಮೀಟರು ಜ್ವರವಿದೆ ಎನ್ನುತ್ತದೆಯೇ ಹೊರತು ಯಾವ ಕಾಯಿಲೆಯ ಜ್ವರವೆಂದು ಹೇಳದು. ಒಂದು ಕಾಲಕ್ಕೆ ಬೆಂಗಳೂರಿನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಕರ್ನಾಟಕದ್ದೇ ಆದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ಯಾರ ಮೇಲೂ ನಡೆಸಕೂಡದು ಎಂದಿತು. ಪೊಲೀಸರಿಗೇ ಇಲ್ಲದ ಅಧಿಕಾರ ಪತ್ತೇದಾರರಿಗೆ ಎಲ್ಲಿಂದ ಬರಬೇಕು?

ವಿಚಾರಣೆಯ ಬಗ್ಗೆ ನಂಬಿಕೆ ಇಲ್ಲದ ಕಡೆ ಒಂದು ಅಮಾನತು ಆದೇಶವೇ ಕಿಡಿಯಾಗುತ್ತದೆ. ಬಿಡದಿ 2007ರವರೆಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಊರು. 2020ರ ನವೆಂಬರಿನಲ್ಲಿ ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಒಬ್ಬ ಪದಾಧಿಕಾರಿಯ ಅಮಾನತಿನಿಂದ ಶುರುವಾದ ಜಗಳ ಮುಷ್ಕರ, ಲಾಕೌಟುಗಳಿಗೆ ತಿರುಗಿ, ತಣ್ಣಗಾಗುವ ಹೊತ್ತಿಗೆ 2021ರ ಮಾರ್ಚಿ ಬಂದಿತ್ತು. ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಅಷ್ಟು ತಿಂಗಳು ಎಷ್ಟು ಮನೆಗಳಲ್ಲಿ ಶಾಲೆಯ ಫೀಜಿನ ಲೆಕ್ಕ ತಪ್ಪಿರಬಹುದು ಎಂಬುದನ್ನು ತಂದೆತಾಯಿಗಳು ಊಹಿಸಬಲ್ಲರು.

ಅಮಾನತಿನಲ್ಲಿದ್ದವರಿಗೆ ಜೀವನಾಧಾರ ಭತ್ಯೆ ಕೊಡಲೆಂದೇ ಕರ್ನಾಟಕ 1988ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮೊದಲ 90 ದಿನ ಅರ್ಧ ವೇತನ, ಕಾರ್ಮಿಕನ ತಪ್ಪಿಲ್ಲದೆ ತಡವಾದರೆ ಆಮೇಲೆ ಶೇಕಡ 75. ವಿಚಾರಣೆ ಸಾಮಾನ್ಯವಾಗಿ 90 ದಿನಗಳೊಳಗೆ ಮುಗಿಯಬೇಕು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಒಂದೆರಡು ಮಾತು. ನೋಟೀಸು ಬಂದರೆ ಹೆದರಿ ವಿಚಾರಣೆಗೆ ಗೈರುಹಾಜರಾಗಬೇಡಿ. ಗೈರಿನಲ್ಲೂ ವಿಚಾರಣೆ ನಡೆಯುತ್ತದೆ. ಆರೋಪಕ್ಕೆ ಆಧಾರವಾದ ಕಾಗದಗಳ ಪ್ರತಿ ಕೇಳಿ. ಜೊತೆಗೆ ಸಹೋದ್ಯೋಗಿಯೊಬ್ಬರ ನೆರವು ಬೇಕೆಂದು ಬರೆದು ಕೊಡಿ. ದಿನದ ನಡವಳಿ ಕನ್ನಡದಲ್ಲಿ ಇಲ್ಲದಿದ್ದರೆ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಸಹಿಯ ಕೆಳಗೆ ತಾರೀಖು ಬರೆಯಿರಿ.