ನಿಂತ ನೀರಿಲ್ಲ, ಹಾಗಾದರೆ ಭಯವೂ ಇಲ್ಲವೇ?

ಮೇ ಕೊನೆಯಲ್ಲಿ ಮೆಮೋರಿಯಲ್ ಡೇ ರಜೆ ಬರುವ ಹೊತ್ತಿಗೆ ಅಮೆರಿಕದ ಎಷ್ಟೋ ಊರುಗಳ ಪಾರ್ಕುಗಳಲ್ಲಿ ಸ್ಪ್ಲ್ಯಾಶ್ ಪ್ಯಾಡ್‌ಗಳಿಗೆ ನೀರು ಬಿಡುತ್ತಾರೆ. ನೆಲದ ತೂತುಗಳಿಂದ ಚಿಮ್ಮುವ ಕಾರಂಜಿ, ತುಂಬಿದೊಡನೆ ತಲೆಯ ಮೇಲೆ ಮಗುಚಿಕೊಳ್ಳುವ ಬಕೆಟ್ಟು, ನಡುವೆ ಓಡಾಡುವ ಮಕ್ಕಳು. ಟಿಕೆಟ್ ಇಲ್ಲ, ಈಜು ಬರಬೇಕೆಂದಿಲ್ಲ. ಅಟ್ಲಾಂಟಾದಲ್ಲಿ 1996ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಪಾರ್ಕಿನ ಐದು ಉಂಗುರಗಳ ಕಾರಂಜಿಯಲ್ಲಿ ಮಕ್ಕಳು ಇವತ್ತಿಗೂ ನೆನೆಯುತ್ತಾರೆ. ಶಿಕಾಗೊದ ಮಿಲೆನಿಯಂ ಪಾರ್ಕಿನಲ್ಲಿ 2004ರಲ್ಲಿ ಶುರುವಾದ ಕ್ರೌನ್ ಫೌಂಟನ್‌ನದು ಇನ್ನೊಂದು ಸೊಗಸು. ಅಲ್ಲಿ 50 ಅಡಿ ಎತ್ತರದ ಎರಡು ಗಾಜಿನಿಟ್ಟಿಗೆಯ ಗೋಪುರಗಳ ಮೇಲೆ ಊರಿನವರದೇ ಮುಖಗಳು ಮೂಡಿ, ತುಟಿ ಮುಂದೆ ಮಾಡಿ ನೀರು ಉಗುಳುತ್ತವೆ. ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಶಾಲೆಯ ರಜೆಯಲ್ಲಿ ಖರ್ಚಿಲ್ಲದ ಸುಖ ಇದು.

ಇಂಥ ಜಾಗಗಳ ಸುತ್ತ ಕೆಲವು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಒಂದೊಂದೂ ಬೇರೆ ಬೇರೆ ಎಂದು ತೋರಿದರೂ ಬೇರು ಒಂದೇ: ನೀರು ಮೇಲೆ ಹೇಗೆ ಕಾಣುತ್ತದೆ ಎನ್ನುವುದನ್ನು ನೋಡಿ ಅದರ ಗುಣ ಅಳೆಯುವುದು. ಮಗು ಮನೆಗೆ ಬಂದ ಮೇಲೆ ಹುಷಾರಾಗಿರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ಅವು ನೆಲದಡಿಯ ತೊಟ್ಟಿಯಲ್ಲಿ, ಪಂಪ್ ಕೋಣೆಯಲ್ಲಿ, ಕ್ಲೋರಿನ್ ಅಳತೆ ಬರೆದಿಡುವ ಪುಸ್ತಕದಲ್ಲಿ ಇರುತ್ತವೆ.

ನಂಬಿಕೆ: ನೀರು ನಿಲ್ಲುವುದೇ ಇಲ್ಲ, ಹಾಗಾಗಿ ರೋಗ ಹರಡುವುದಿಲ್ಲ

ಮೇಲ್ನೋಟಕ್ಕೆ ಇದು ಸರಿಯಾದ ತರ್ಕವೇ. ಚಿಮ್ಮಿದ ನೀರು ಕ್ಷಣದಲ್ಲಿ ಜಾಲರಿಯೊಳಗೆ ಇಳಿದು ಮಾಯವಾಗುತ್ತದೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಸ್ಪ್ಲ್ಯಾಶ್ ಪ್ಯಾಡ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಊರಿನ ಕುಡಿಯುವ ನೀರಿನ ಕೊಳಾಯಿಯಿಂದ ಬಂದ ನೀರು ಒಮ್ಮೆ ಚಿಮ್ಮಿ ಚರಂಡಿಗೋ ಗಿಡಗಳಿಗೋ ಹೋಗುತ್ತದೆ. ಇನ್ನೊಂದರಲ್ಲಿ ಜಾಲರಿಯಿಂದ ಇಳಿದ ನೀರು ನೆಲದಡಿಯ ತೊಟ್ಟಿ ಸೇರಿ, ಫಿಲ್ಟರ್ ದಾಟಿ, ಕ್ಲೋರಿನ್ ಬೆರೆಸಿಕೊಂಡು ಮತ್ತೆ ಅದೇ ತೂತುಗಳಿಂದ ಮೇಲೇಳುತ್ತದೆ. ಎರಡನೆಯದರಲ್ಲಿ ನೀರು ನಿಲ್ಲುತ್ತದೆ, ನಾವು ನೋಡದ ಕಡೆ ನಿಲ್ಲುತ್ತದೆ ಅಷ್ಟೆ. ಒಂದು ಮಗುವಿನ ಕಾಲು, ಬೆನ್ನು, ಡಯಾಪರ್ ತೊಳೆದ ನೀರು ಇನ್ನೊಂದು ಮಗುವಿನ ಬಾಯಿಗೆ ತಲುಪುವ ದಾರಿ ಈ ತೊಟ್ಟಿಯೇ.

ಈ ದಾರಿ ಕೇವಲ ಊಹೆಯಲ್ಲ. ಫ್ಲಾರಿಡಾದ ಕಡಲತೀರದ ಪಾರ್ಕೊಂದರ ಕಾರಂಜಿಯಲ್ಲಿ ಆಡಿದ ಮಕ್ಕಳಿಗೆ 1999ರಲ್ಲೇ ಶಿಗೆಲ್ಲಾ ಮತ್ತು ಕ್ರಿಪ್ಟೋಸ್ಪೊರಿಡಿಯಂ ಎಂಬ ಎರಡು ರೋಗಾಣುಗಳಿಂದ ಭೇದಿ ಹರಡಿತ್ತು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ಸಿಡಿಸಿ, 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 1997ರಿಂದ 2022ರವರೆಗೆ 23 ರಾಜ್ಯಗಳು ಹಾಗೂ ಪೋರ್ಟೊ ರಿಕೊದಲ್ಲಿ ಸ್ಪ್ಲ್ಯಾಶ್ ಪ್ಯಾಡ್‌ಗಳಿಂದ 60 ಬಾರಿ ರೋಗ ಹಬ್ಬಿದೆ. ಕಾಯಿಲೆ ಬಿದ್ದವರು 10,611 ಮಂದಿ, ಆಸ್ಪತ್ರೆ ಸೇರಿದವರು 152 ಮಂದಿ. ಇನ್ನೂ ವಿಚಿತ್ರವೆಂದರೆ ಜನರ ಈ ನಂಬಿಕೆ ಕಾನೂನಿನೊಳಗೂ ನುಸುಳಿದೆ. ಕೆಲವು ಕಡೆ ಈಜುಕೊಳದ ಆರೋಗ್ಯ ನಿಯಮಗಳು ನಿಂತ ನೀರಿರುವ ಜಾಗಕ್ಕೆ ಮಾತ್ರ ಅನ್ವಯ. ನೀರು ನಿಲ್ಲದ ಸ್ಪ್ಲ್ಯಾಶ್ ಪ್ಯಾಡ್ ಆ ವ್ಯಾಖ್ಯಾನದಿಂದ ಹೊರಗುಳಿದು, ತಪಾಸಣೆಯಿಂದಲೂ ತಪ್ಪಿಸಿಕೊಳ್ಳುತ್ತದೆ.

ನಂಬಿಕೆ: ಕ್ಲೋರಿನ್ ವಾಸನೆ ಬಂದರೆ ನೀರು ಶುದ್ಧ

ಮೂಗಿಗೆ ಬಡಿಯುವ ಆ ಘಾಟು ಶುದ್ಧ ಕ್ಲೋರಿನ್‌ನದಲ್ಲ. ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳದು. ಅಂದರೆ ಘಾಟು ಜೋರಾಗಿದ್ದಷ್ಟೂ ಕ್ಲೋರಿನ್ ಕೊಳೆಯ ಜೊತೆ ಗುದ್ದಾಡಿ ಖರ್ಚಾಗುತ್ತಿದೆ ಎಂದೇ ಅರ್ಥ. ಸ್ಪ್ಲ್ಯಾಶ್ ಪ್ಯಾಡ್‌ನಲ್ಲಿ ಈ ಖರ್ಚು ಈಜುಕೊಳಕ್ಕಿಂತ ಬೇಗ ಆಗುತ್ತದೆ. ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದರೆ ಕಾಫಿ ಬೇಗ ಆರುತ್ತದಲ್ಲ, ಹಾಗೆಯೇ ನೀರು ಹನಿಹನಿಯಾಗಿ ಒಡೆದು ಗಾಳಿಗೆ ಮೈಯೊಡ್ಡಿದಾಗ ಅದರೊಳಗಿನ ಕ್ಲೋರಿನ್ ಹಾರಿಹೋಗುತ್ತದೆ. ಉಳಿದದ್ದನ್ನು ಬಿಸಿಲು ಕರಗಿಸುತ್ತದೆ. ಆದ್ದರಿಂದ ಬೆಳಿಗ್ಗೆ ಅಳೆದಾಗ ಸರಿಯಿದ್ದ ಪ್ರಮಾಣ, ಮಕ್ಕಳು ಕಿಕ್ಕಿರಿದ ಮಧ್ಯಾಹ್ನಕ್ಕೆ ಸಾಲದೇ ಹೋಗಬಹುದು.

ಕ್ಲೋರಿನ್ ಸರಿಯಾಗಿದ್ದರೂ ಅದಕ್ಕೆ ಬಗ್ಗದ ಒಂದು ಜೀವಿ ಇದೆ. ನೀರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು, ಅಂದರೆ 1 ಪಿಪಿಎಂ, ಕ್ಲೋರಿನ್ ಇದ್ದರೆ ಭೇದಿ ತರುವ ಇ. ಕೋಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಜಿಯಾರ್ಡಿಯಾ ಎಂಬ ಇನ್ನೊಂದು ರೋಗಾಣು ಸಾಯಲು ಮುಕ್ಕಾಲು ಗಂಟೆ ಬೇಕು. ಗಟ್ಟಿ ಕವಚದೊಳಗೆ ಅಡಗಿರುವ ಕ್ರಿಪ್ಟೋಸ್ಪೊರಿಡಿಯಂ ಅಷ್ಟೇ ಕ್ಲೋರಿನ್‌ನಲ್ಲಿ ಹತ್ತು ದಿನಕ್ಕೂ ಹೆಚ್ಚು ಕಾಲ ತಡೆದುಕೊಳ್ಳಬಲ್ಲದು. ಮೇಲೆ ಹೇಳಿದ 60 ಪ್ರಕರಣಗಳಲ್ಲಿ 40ಕ್ಕೆ ಇದು ಕಾರಣವಾಗಿತ್ತು. ಕಾಯಿಲೆ ಬಿದ್ದವರಲ್ಲಿ 9,622 ಮಂದಿ ಆ 40 ಪ್ರಕರಣಗಳವರೇ. ಇದನ್ನು ಮಣಿಸುವ ಉಪಾಯ ಬೇರೆ: ತೊಟ್ಟಿಯ ನೀರನ್ನು ನೇರಳಾತೀತ ಬೆಳಕಿನ ಮುಂದೆ ಹಾಯಿಸುವುದು. ನ್ಯೂಯಾರ್ಕ್ ರಾಜ್ಯ ಈ ಪಾಠ ಕಲಿತದ್ದು 2005ರ ಬೇಸಿಗೆಯಲ್ಲಿ. ಸೆನೆಕಾ ಲೇಕ್ ಸ್ಟೇಟ್ ಪಾರ್ಕಿನ ಸ್ಪ್ರೇ ಪಾರ್ಕಿಗೆ ಬಂದ ಸಾವಿರಾರು ಜನ ಭೇದಿಯಿಂದ ನರಳಿದರು, ನೀರಿನ ತೊಟ್ಟಿಗಳಲ್ಲೇ ಕ್ರಿಪ್ಟೋಸ್ಪೊರಿಡಿಯಂ ಸಿಕ್ಕಿತು. ಬಳಿಕ ಆ ರಾಜ್ಯ ನೀರನ್ನು ಮರುಬಳಸುವ ಕಾರಂಜಿಗಳಿಗೆ ನೇರಳಾತೀತ ಶುದ್ಧೀಕರಣವನ್ನು ಕಡ್ಡಾಯ ಮಾಡಿತು.

ನಂಬಿಕೆ: ಸ್ವಿಮ್ ಡಯಾಪರ್ ಹಾಕಿದ್ದೇವೆ, ಇನ್ನೇನೂ ತೊಂದರೆಯಿಲ್ಲ

ಸ್ವಿಮ್ ಡಯಾಪರ್ ಗಟ್ಟಿ ಮಲವನ್ನು ಹಿಡಿದಿಡುತ್ತದೆ. ಭೇದಿಯನ್ನು ಹಿಡಿದಿಡುವುದಿಲ್ಲ, ಹೆಚ್ಚೆಂದರೆ ಕೆಲವು ನಿಮಿಷ ತಡಮಾಡುತ್ತದೆ. ಸ್ಪ್ಲ್ಯಾಶ್ ಪ್ಯಾಡ್‌ನಲ್ಲಿ ಮಕ್ಕಳು ಆಡುವ ರೀತಿಯನ್ನೂ ಗಮನಿಸಬೇಕು. ನೆಲದಿಂದ ನೀರು ಏಳುವ ತೂತು ಕಂಡರೆ ಅದರ ಮೇಲೆ ಕೂರುವುದು, ಚಿಮ್ಮುವ ನೀರಿಗೆ ಬಾಯೊಡ್ಡುವುದು ಎರಡೂ ಅವರಿಗೆ ಇಷ್ಟ. ಕೂತವನ ಡಯಾಪರ್ ತೊಳೆದ ನೀರೇ ತೊಟ್ಟಿ ಸುತ್ತಿ ಬಾಯೊಡ್ಡಿದವನಿಗೆ ಬರುತ್ತದೆ. ಕಾನ್ಸಸ್‌ನಲ್ಲಿ 2021ರಲ್ಲಿ ರೋಗ ಹಬ್ಬಿದಾಗ ತನಿಖೆ ನಡೆಸಿದವರು, ಬಾಯಿಗೆ ನೀರು ಹೋಗಿದ್ದಕ್ಕೂ ಕಾಯಿಲೆ ಬಿದ್ದದ್ದಕ್ಕೂ ನಂಟಿದೆ ಎಂದು ಗುರುತಿಸಿದ್ದರು.

ಹಾಗಾಗಿ ಇಲ್ಲಿ ಪೋಷಕರ ಹೊಣೆ ಡಯಾಪರ್ ತೊಡಿಸಿದ ಕೂಡಲೇ ಮುಗಿಯುವುದಿಲ್ಲ. ಹೊಟ್ಟೆ ಕೆಟ್ಟ ಮಗುವನ್ನು ಕರೆದೊಯ್ಯಲೇಬಾರದು. ಕ್ರಿಪ್ಟೋಸ್ಪೊರಿಡಿಯಂ ತಗುಲಿದ್ದು ಖಚಿತವಾಗಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ನೀರಾಟ ಬೇಡ ಎನ್ನುತ್ತದೆ ಸಿಡಿಸಿ. ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಬೇಕು, ಡಯಾಪರ್ ಬದಲಿಸುವುದು ನೀರಿನಿಂದ ದೂರದಲ್ಲಿ ಆಗಬೇಕು. ಆಮೇಲೆ ಕೈಗೆ ಸ್ಯಾನಿಟೈಸರ್ ಸವರಿಕೊಂಡರೆ ಸಾಲದು, ಕ್ರಿಪ್ಟೋಸ್ಪೊರಿಡಿಯಂ ಅದಕ್ಕೂ ಜಗ್ಗುವುದಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯುವುದೊಂದೇ ದಾರಿ.

ನಂಬಿಕೆ: ಬಿಟ್ಟಿ ಜಾಗದಲ್ಲಿ ಅಸಡ್ಡೆ, ದುಡ್ಡು ಕೊಟ್ಟರೆ ಸುರಕ್ಷೆ

ಉಚಿತವಾಗಿ ಸಿಗುವುದನ್ನು ಅನುಮಾನದಿಂದ ನೋಡುವ ರೂಢಿ ನಮ್ಮಲ್ಲೂ ಇದೆ, ಅಮೆರಿಕದಲ್ಲೂ ಇದೆ. ದಾಖಲೆಗಳು ಇದನ್ನು ಎತ್ತಿಹಿಡಿಯುವುದಿಲ್ಲ. ಕಾನ್ಸಸ್‌ನ ಆ ಸ್ಪ್ಲ್ಯಾಶ್ ಪ್ಯಾಡ್ ಇದ್ದದ್ದು ಟಿಕೆಟ್ ಕೊಂಡು ಒಳಹೋಗುವ ವನ್ಯಜೀವಿ ಪಾರ್ಕಿನಲ್ಲಿ. ಅಲ್ಲಿ ರಾತ್ರಿಯಿಡೀ ನೀರು ಶುದ್ಧೀಕರಣವಿಲ್ಲದೆ ತೊಟ್ಟಿಯಲ್ಲೇ ನಿಲ್ಲುತ್ತಿತ್ತು. ಕ್ಲೋರಿನ್ ಕಡಿಮೆಯಾದರೆ ತಾನಾಗಿ ಅಳೆದು ಬೆರೆಸುವ ಯಂತ್ರ ಇರಲಿಲ್ಲ. ಒಂದೇ ವಾರದ ಅಂತರದಲ್ಲಿ ಅಲ್ಲಿ ಮೊದಲು ಶಿಗೆಲ್ಲಾ, ನಂತರ ನೊರೊವೈರಸ್ ಹಬ್ಬಿತು.

ಇದಕ್ಕಿಂತ ಘೋರವಾದ ಎರಡು ಘಟನೆಗಳೂ ಇದೇ ಮಾತು ಹೇಳುತ್ತವೆ. ಟೆಕ್ಸಸ್‌ನ ಆರ್ಲಿಂಗ್ಟನ್ ನಗರದ ಸಾರ್ವಜನಿಕ ಸ್ಪ್ಲ್ಯಾಶ್ ಪ್ಯಾಡ್‌ನಲ್ಲಿ ಆಡಿದ ಮಗುವೊಂದು 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿತು. 2023ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಇನ್ನೊಂದು ಮಗು ಹೋಯಿತು, ಅದು ಆಡಿದ್ದು ಸದಸ್ಯರಿಗಷ್ಟೇ ತೆರೆದ ಖಾಸಗಿ ಕ್ಲಬ್ಬಿನಲ್ಲಿ. ಎರಡೂ ಕಡೆ ಕಾರಣ ನೆಗ್ಲೇರಿಯಾ ಫೌಲೇರಿ, ಕೇರಳದ ಪ್ರಕರಣಗಳ ಸುದ್ದಿಯಿಂದಾಗಿ ನಮ್ಮವರಿಗೂ ಗೊತ್ತಾಗಿರುವ ಮೆದುಳು ತಿನ್ನುವ ಅಮೀಬಾ. ಈ ಅಮೀಬಾ ನುಂಗಿದ ನೀರಿನಿಂದ ತಗಲುವುದಿಲ್ಲ, ಮೂಗಿನ ಮೂಲಕ ನೀರು ಮೇಲೇರಿದಾಗ ಮಾತ್ರ ಮೆದುಳಿಗೆ ದಾಟುತ್ತದೆ. ಮುಖಕ್ಕೆ ರಭಸವಾಗಿ ಚಿಮ್ಮುವ ನೀರು ಅಪಾಯವಾಗುವುದು ಅದಕ್ಕೇ. ಸಿಡಿಸಿಯ ಲೆಕ್ಕದಲ್ಲಿ ಸಾವು ಸೊನ್ನೆ ಎಂದಿರುವುದನ್ನು ಓದಿದವರು ಇಲ್ಲಿ ಪ್ರಶ್ನೆ ಎತ್ತಬಹುದು. ಅದು ಕನಿಷ್ಠ ಇಬ್ಬರಿಗೆ ಕಾಯಿಲೆ ತಗುಲಿದ ಪ್ರಕರಣಗಳ ಲೆಕ್ಕ, ಒಂಟಿ ಸಾವು ಅದರೊಳಗೆ ಬರುವುದಿಲ್ಲ. ಅಪರೂಪದ ಈ ಅಮೀಬಾ ಕ್ಲೋರಿನ್‌ಗೆ ಮಣಿಯುವಂಥದ್ದು ಎನ್ನುವುದೇ ನೋವಿನ ಸಂಗತಿ. ಆರ್ಲಿಂಗ್ಟನ್‌ನಲ್ಲಿ ಮಗು ಬಂದಿದ್ದ ದಿನಗಳ ಪೈಕಿ ಕೆಲವು ದಿನ ಕ್ಲೋರಿನ್ ಅಳತೆಯ ದಾಖಲೆಯೇ ಇರಲಿಲ್ಲವೆಂದು ನಗರಾಡಳಿತವೇ ಒಪ್ಪಿಕೊಂಡಿತು. ಉಚಿತ ಪಾರ್ಕು, ಟಿಕೆಟ್ಟಿನ ಪಾರ್ಕು, ಸದಸ್ಯರ ಕ್ಲಬ್ಬು ಮೂರೂ ಕಡೆ ಅನಾಹುತ ಆಗಿದೆ ಎಂದಮೇಲೆ ಬಾಗಿಲಲ್ಲಿ ಕೊಡುವ ಹಣದಿಂದ ನೀರಿನ ಗುಣ ತಿಳಿಯದು.

ನಂಬಿಕೆ: ಇದೆಲ್ಲ ನೀರಿನ ದಂಡ

ಬರಗಾಲ ಕಂಡ ನಾಡಿನಿಂದ ಹೋದವರಿಗೆ ಗಂಟೆಗಟ್ಟಲೆ ಚಿಮ್ಮುವ ನೀರು ಕಣ್ಣಿಗೆ ಚುಚ್ಚುವುದು ಸಹಜ. ಒಮ್ಮೆ ಬಳಸಿ ಹರಿಯಬಿಡುವ ಬಗೆಯಲ್ಲಿ ಈ ದೂರಿಗೆ ಹುರುಳೂ ಇದೆ. ಆದರೆ ಉಳಿತಾಯಕ್ಕೂ ಬೆಲೆಯಿದೆ. ನೀರನ್ನು ಮರುಬಳಸುವ ಊರು ಫಿಲ್ಟರ್, ಕ್ಲೋರಿನ್ ಯಂತ್ರ, ನೇರಳಾತೀತ ದೀಪ, ತರಬೇತಿ ಪಡೆದ ಸಿಬ್ಬಂದಿ ಇಷ್ಟಕ್ಕೂ ಪ್ರತಿ ಬೇಸಿಗೆ ಖರ್ಚು ಮಾಡಲೇಬೇಕು. ನೀರು ಉಳಿಸಿ ಇದನ್ನೂ ಉಳಿಸಹೊರಟರೆ ಆ ಉಳಿತಾಯದ ಸಾಲವನ್ನು ತೀರಿಸುವವರು ಮಕ್ಕಳು. ಹರಿಯಬಿಡುವ ಬಗೆಯಲ್ಲಿ ಮಕ್ಕಳಿಗೆ ಸದಾ ಹೊಸ ನೀರು ಸಿಗುತ್ತದೆ, ಬಳಸಿದ್ದನ್ನು ಪಾರ್ಕಿನ ಗಿಡಗಳಿಗೆ ತಿರುಗಿಸಿದರೆ ದಂಡವೂ ತಗ್ಗುತ್ತದೆ. ನ್ಯೂಯಾರ್ಕ್ ನಗರದ ಹಳೆಯ ರೂಢಿಯೊಂದು ಇಲ್ಲಿ ನೆನಪಿಡುವಂಥದ್ದು. ಬೀದಿಯ ಅಗ್ನಿಶಾಮಕ ನಲ್ಲಿಯನ್ನು ಹಾಗೇ ತೆರೆದರೆ ನಿಮಿಷಕ್ಕೆ ಸಾವಿರ ಗ್ಯಾಲನ್‌ಗೂ ಹೆಚ್ಚು ನೀರು ಹೋಗುತ್ತದೆ. ಅದೇ ನಲ್ಲಿಗೆ ಅಗ್ನಿಶಾಮಕ ಠಾಣೆಯವರು ವಯಸ್ಕರ ಕೋರಿಕೆಯ ಮೇಲೆ ತೂತಿನ ಮುಚ್ಚಳವನ್ನು ಉಚಿತವಾಗಿ ಹಾಕಿಕೊಡುತ್ತಾರೆ, ಆಗ ನಿಮಿಷಕ್ಕೆ 20–25 ಗ್ಯಾಲನ್‌ನಲ್ಲಿ ಬೀದಿಯ ಮಕ್ಕಳೆಲ್ಲ ನೆನೆಯುತ್ತಾರೆ. ನೀರಾಟ ಮತ್ತು ಮಿತವ್ಯಯ ಒಟ್ಟಿಗೆ ಸಾಧ್ಯ, ಯಾರಾದರೂ ಹೊಣೆ ಹೊತ್ತು ನಡೆಸಬೇಕು.

ಹಾಗಾದರೆ ಹೋಗುವುದೇ ಬೇಡವೇ?

ಇಷ್ಟೆಲ್ಲ ಓದಿದವರಿಗೆ ಮಕ್ಕಳನ್ನು ಮನೆಯಲ್ಲೇ ಕೂರಿಸುವುದು ವಾಸಿ ಅನ್ನಿಸಬಹುದು. ಅದು ಇನ್ನೊಂದು ತಪ್ಪು ಕಲ್ಪನೆ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಆಳವೇ ಇಲ್ಲದ ನೀರಾಟದ ಜಾಗ ಆ ಅಪಾಯವನ್ನು ಬಹುಪಾಲು ಇಲ್ಲವಾಗಿಸುತ್ತದೆ. ಈಜುಕೊಳದ ಸದಸ್ಯತ್ವ ಕೊಳ್ಳಲಾಗದ ಮನೆಗಳಿಗೆ ಸುಡುಬೇಸಿಗೆಯಲ್ಲಿ ಮೈ ತಂಪು ಮಾಡಿಕೊಳ್ಳಲು ಊರು ಕೊಡುವ ಸೌಲಭ್ಯ ಇದು. ಎರಡೂವರೆ ದಶಕದಲ್ಲಿ ದಾಖಲಾದದ್ದು 60 ಪ್ರಕರಣ. ವರದಿಯಾಗದೆ ಉಳಿದವು ಇನ್ನಷ್ಟಿರಬಹುದು ಎಂದಿಟ್ಟುಕೊಂಡರೂ, ದೇಶದ ತುಂಬ ಪ್ರತಿ ಬೇಸಿಗೆ ಅಲ್ಲಿ ಆಡುವ ಮಕ್ಕಳ ಸಂಖ್ಯೆಯ ಮುಂದೆ ಅದು ಸಣ್ಣದೇ. ಇಲ್ಲಿ ಆದ ಹಾನಿಯ ಹೆಚ್ಚಿನ ಭಾಗ ತಪ್ಪಿಸಬಹುದಾದದ್ದು ಎಂಬುದೇ ಮುಖ್ಯ.

ತಪ್ಪಿಸುವ ಕೆಲಸದಲ್ಲಿ ಮನೆಯವರ ಪಾಲು ಚಿಕ್ಕದು. ನೀರು ನುಂಗದಂತೆ, ಮೂಗಿಗೆ ಏರದಂತೆ ಮಕ್ಕಳಿಗೆ ಹೇಳಿಕೊಡುವುದು, ತೂತಿನ ಮೇಲೆ ಕೂರಲು ಬಿಡದಿರುವುದು, ಆಟಕ್ಕೆ ಮೊದಲು ಮೈ ತೊಳೆಸುವುದು. ಅನುಮಾನವಿದ್ದರೆ ಈಜುಕೊಳದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿ ಸಾಕು. ಬೆರಳಗಲವೂ ಇಲ್ಲದ ಆ ಪಟ್ಟಿಯನ್ನು ನೀರಿನಲ್ಲಿ ಅದ್ದಿ ತೆಗೆದರೆ ಅದರ ಮೇಲಿನ ಚೌಕಗಳು ಬಣ್ಣ ತಿರುಗುತ್ತವೆ, ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಬೇಕು. ಕ್ಲೋರಿನ್ ಕನಿಷ್ಠ 1 ಪಿಪಿಎಂ, ಪಿಎಚ್ 7.0ರಿಂದ 7.8ರೊಳಗೆ ಇದ್ದರೆ ಸರಿ. ದೊಡ್ಡ ಪಾಲು ನಗರಾಡಳಿತದ್ದು, ಅದನ್ನು ಕೇಳಿ ಪಡೆಯಬೇಕಾದವರು ತೆರಿಗೆ ಕಟ್ಟುವವರು. ನಮ್ಮ ಪಾರ್ಕಿನ ನೀರು ಮರುಬಳಕೆಯದೋ ಹರಿಯಬಿಡುವುದೋ, ನೇರಳಾತೀತ ದೀಪ ಇದೆಯೋ ಇಲ್ಲವೋ, ಇವತ್ತು ಎಷ್ಟು ಹೊತ್ತಿಗೆ ಕ್ಲೋರಿನ್ ಅಳೆದರು ಎಂಬ ಮೂರು ಪ್ರಶ್ನೆಗಳಿಗೆ ಪಾರ್ಕಿನ ಫಲಕದ ಮೇಲೇ ಉತ್ತರ ಬರೆದಿರಬೇಕು. ಬರೆದಿಲ್ಲವಾದರೆ ಪಾರ್ಕ್ ಇಲಾಖೆಗೆ ಒಂದು ಫೋನ್ ಮಾಡಿ ಕೇಳುವುದು ಪ್ರತಿ ಪೋಷಕರ ಹಕ್ಕು. ಅಲ್ಲಿಯೂ ಸರಿಯಾದ ಉತ್ತರ ಸಿಗದಿದ್ದರೆ ಉತ್ತರ ಕೊಡಬಲ್ಲ ಪಕ್ಕದ ಊರಿನ ಸ್ಪ್ಲ್ಯಾಶ್ ಪ್ಯಾಡ್‌ಗೆ ಹೋಗುವುದು ಲೇಸು.